ಅಳತೆ ಕೊಟ್ಟ ಕಣ್ಣು

ಗಾಂಧಿ ಬಜಾರ್ ಅಂದರೆ ಅಳತೆಯ ಬೀದಿ. ಬಟ್ಟೆ ಅಂಗಡಿಯವರು ಮೀಟರ್ ಕೋಲಿನಲ್ಲಿ ಅಳೆಯುತ್ತಾರೆ, ಚಿನ್ನಬೆಳ್ಳಿಯವರು ಗಾಜಿನ ಪೆಟ್ಟಿಗೆಯೊಳಗಿನ ತಕ್ಕಡಿಯಲ್ಲಿ ಉಸಿರು ಬಿಗಿಹಿಡಿದು ತೂಗುತ್ತಾರೆ, ಹೂವಿನವರು ಮೊಳ ಹಾಕುತ್ತಾರೆ. ಕೊಳ್ಳುವವಳ ಮೊಳವೋ ಮಾರುವವಳ ಮೊಳವೋ ಎಂಬ ಜಗಳ ನಾನು ಕಂಡಂತೆ ಇನ್ನೂ ತೀರಿಲ್ಲ. ತಕ್ಕಡಿ, ಕಲ್ಲುಗಳಿಗಾದರೂ ತೂಕ ಅಳತೆ ಇಲಾಖೆಯವರು ಕಾಲಕಾಲಕ್ಕೆ ಮುದ್ರೆ ಒತ್ತುತ್ತಾರೆ. ಅಳೆಯುವ ಕೈಗೆ ಮುದ್ರೆ ಒತ್ತುವವರು ಯಾರೂ ಇಲ್ಲ.

ಅಪ್ಪನ ಹೊಲಿಗೆ ಅಂಗಡಿ ಇದ್ದದ್ದು ಬಜಾರಿನ ಮುಖ್ಯರಸ್ತೆಯಿಂದ ಒಳಗೆ ತಿರುಗುವ ಒಂದು ಸಂದಿಯಲ್ಲಿ. ಮೂರು ಮೆಷಿನ್, ಒಂದು ಕಟಿಂಗ್ ಟೇಬಲ್, ಹೊಲಿಯಲು ಇಬ್ಬರು, ಕಾಜಾ ಹಾಕಲು ಒಬ್ಬ ಹುಡುಗ. ಟೇಪು ಮಾತ್ರ ಅಪ್ಪನ ಕೊರಳಲ್ಲಿ. ಅದನ್ನು ಅವರು ಯಾರಿಗೂ ಕೊಟ್ಟದ್ದು ನಾನು ನೋಡಿಲ್ಲ. ಎದೆಯ ಸುತ್ತಳತೆ ತೆಗೆಯುವಾಗ ಟೇಪಿನೊಳಗೆ ತಮ್ಮ ಎರಡು ಬೆರಳು ಇಟ್ಟುಕೊಳ್ಳುತ್ತಿದ್ದರು. ಗಿರಾಕಿ ಹೊಟ್ಟೆ ಒಳಗೆಳೆದುಕೊಂಡು ನಿಂತರೆ ಏನೂ ಹೇಳುತ್ತಿರಲಿಲ್ಲ. ಸುಮ್ಮನೆ ಅಡಿಕೆ ರೇಟಿನ ಮಾತು ತೆಗೆಯುತ್ತಿದ್ದರು. ಮಾತಿನ ನಡುವೆ ಹೊಟ್ಟೆ ತಾನಾಗಿ ತನ್ನ ಜಾಗಕ್ಕೆ ಬಂದಮೇಲೆ ಟೇಪು ಎಳೆಯುತ್ತಿದ್ದರು. "ಹೊಲಿಗೆ ಕೆಟ್ಟರೆ ಬಿಚ್ಚಬಹುದು, ಅಳತೆ ಕೆಟ್ಟರೆ ಬಟ್ಟೆನೇ ಹೋಯ್ತು" ಅನ್ನುವುದು ಅವರ ಮಾತು. ಆದರೂ ಒಳಗಡೆ ಒಂದಿಂಚು ಮಾರ್ಜಿನ್ ಬಿಡುವುದನ್ನು ಮರೆಯುತ್ತಿರಲಿಲ್ಲ. ಮನುಷ್ಯ ಊದುತ್ತಾನೆ, ಬತ್ತುತ್ತಾನೆ, ಮದುವೆಯಾಗುತ್ತಾನೆ.

2019ರಲ್ಲಿ ಅಪ್ಪನ ಬಲಗಣ್ಣಿನ ಪೊರೆ ತೆಗೆಸಿದೆವು. ಶಿವಮೊಗ್ಗದಲ್ಲಲ್ಲ. ಬೇರೆ ಊರಿನಲ್ಲಿ, ಅಕ್ಕನ ಮನೆಗೆ ಹೋಗಿದ್ದಾಗ. ಊರಿನ ಹೆಸರಾಗಲಿ ಆಸ್ಪತ್ರೆಯ ಹೆಸರಾಗಲಿ ಇಲ್ಲಿ ಬೇಡ. ಆಪರೇಷನ್ ಮಾಡಿದ ಡಾಕ್ಟರ ಕೈ ಬಹಳ ಒಳ್ಳೆಯದು ಎಂದು ಆಮೇಲೆ ನೋಡಿದ ಡಾಕ್ಟರುಗಳೆಲ್ಲ ಒಪ್ಪಿದರು. ಗಾಯ ಮಾಯ್ದ ರೀತಿ, ಲೆನ್ಸು ಕೂತ ಜಾಗ ಎಲ್ಲ ಅಚ್ಚುಕಟ್ಟು. ಆದರೆ ಪಟ್ಟಿ ಬಿಚ್ಚಿದ ಒಂದು ವಾರಕ್ಕೆ ಅಪ್ಪ ಹೇಳಿದ್ದು: "ಸೂಜಿ ಕಾಣ್ತದೆ. ಗಿರಾಕಿ ಕಾಣಲ್ಲ."

ಅದು ಅಕ್ಷರಶಃ ನಿಜ. ಅರ್ಧ ಮೀಟರಿನ ಒಳಗೆ ಎಲ್ಲವೂ ಕಡೆದಿಟ್ಟ ಹಾಗೆ. ಅದರಾಚೆ ಮಂಜು. ಅಂಗಡಿಯ ಬಾಗಿಲಲ್ಲಿ ನಿಂತವರ ಮುಖ ತಿಳಿಯುತ್ತಿರಲಿಲ್ಲ. ಮೂವತ್ತು ವರ್ಷದಿಂದ ರಸ್ತೆಯಾಚೆಯಿಂದ ಕೈ ಎತ್ತುತ್ತಿದ್ದ ಪಾತ್ರೆ ಅಂಗಡಿಯವರಿಗೆ ಅಪ್ಪ ಕೈ ಎತ್ತುವುದು ನಿಂತಿತು. ಆಪರೇಷನ್ ಆದಮೇಲೆ ಟೈಲರಿಗೆ ಸ್ವಲ್ಪ ಜಂಬ ಬಂದಿದೆ ಎಂದು ಯಾರೋ ಅಂದದ್ದು ಸುತ್ತಿ ಬಳಸಿ ಮನೆಗೂ ಬಂತು. ಎರಡು ವರ್ಷಕ್ಕೊಮ್ಮೆ ಕೋಟೆ ಮಾರಿಕಾಂಬೆಯ ಜಾತ್ರೆಯಲ್ಲಿ ಗಾಂಧಿ ಬಜಾರೇ ಅಮ್ಮನ ತವರುಮನೆ. ಸಾಲು ನಿಂತು ಹತ್ತಿರ ಹೋಗುವತನಕ ಆ ಸಲ ಅಪ್ಪನಿಗೆ ಕಂಡದ್ದು ಬರೀ ದೀಪಗಳ ಹಳದಿ ಮುದ್ದೆ.

ಮತ್ತೆ ಹೋಗಿ ತೋರಿಸಿದಾಗ ಕನ್ನಡಕ ಬರೆದುಕೊಟ್ಟರು. ಮೈನಸ್ 2. ಹಾಕಿಕೊಂಡರೆ 6/6, ಬೋರ್ಡಿನ ಕೆಳಗಿನ ಸಾಲಿನತನಕ. "ಆಪರೇಷನ್ ಸಕ್ಸಸ್ ಆಗಿದೆಯಲ್ಲ ಯಜಮಾನ್ರೇ, ಇನ್ನೇನು?" ಎಂದರು. ಕಾರ್ಡಿನಲ್ಲಿ ಬರೆದದ್ದೂ ಅದನ್ನೇ. ಕಾರ್ಡು ಸುಳ್ಳು ಹೇಳುತ್ತಿರಲಿಲ್ಲ. ಕನ್ನಡಕ ಹಾಕಿದ ಕಣ್ಣಿನ ಲೆಕ್ಕ ಬೇರೆ, ಬರಿಗಣ್ಣಿನಲ್ಲಿ ಬೀದಿಗೆ ಇಳಿಯುವ ಮನುಷ್ಯನ ಲೆಕ್ಕ ಬೇರೆ ಅಷ್ಟೆ. ಅಪ್ಪ ಆ ಕನ್ನಡಕವನ್ನು ಹಟದಿಂದ ಹಾಕಲಿಲ್ಲ. ಸೂಜಿ ನೋಡಲು ತೆಗೆಯಬೇಕು, ಮುಖ ನೋಡಲು ಹಾಕಬೇಕು, ದಿನಕ್ಕೆ ಇನ್ನೂರು ಸಲ. ಎಡಗಣ್ಣಿನ ಪೊರೆಯೂ ಬೆಳೆಯುತ್ತಿತ್ತು. ಅದರ ಸುದ್ದಿ ಎತ್ತಿದರೆ, "ಒಂದು ಅಂಗಿ ಕೆಡಿಸಿದವರಿಗೆ ಇನ್ನೊಂದು ಬಟ್ಟೆ ಕೊಡ್ತೀಯ?" ಅನ್ನುತ್ತಿದ್ದರು. ಹಾಗೆ ಮೂರು ವರ್ಷ ಕಳೆಯಿತು. ನಡುವೆ ಕೊರೋನಾ ಬಂದು ಅಂಗಡಿಯನ್ನೂ ಮುಚ್ಚಿಸಿತು. ರೆಡಿಮೇಡು ಅರ್ಧ ಮುಚ್ಚಿಸಿತ್ತು, ಕಣ್ಣು ಇನ್ನರ್ಧ.

ನನ್ನ ಸೋದರತ್ತೆಯ ಮಗಳು ಆಪ್ಟೋಮೆಟ್ರಿಸ್ಟ್, ಭದ್ರಾವತಿಯಲ್ಲಿ ಕೆಲಸ. ಒಂದು ಭಾನುವಾರ ಮನೆಗೆ ಬಂದವಳು ಅಪ್ಪನ ಹಳೆಯ ಕಾರ್ಡನ್ನು ಕೇಳಿ ತೆಗೆಸಿಕೊಂಡು, ಕಾಫಿ ಆರುವ ತನಕ ಓದಿದಳು. ಆಮೇಲೆ, "ಮಾವ, ನಿಮ್ಮ ಮೊದಲಿನ ಕನ್ನಡಕ ಎರಡೂ ಕಣ್ಣಿಗೆ ಒಂದೇ ಪವರ್ ಇತ್ತು ಅಲ್ವಾ?" ಅಂದಳು. ಹೌದು, ಇತ್ತು. "ಮತ್ತೆ ಇಲ್ಲಿ ನೋಡಿ. ಎಡಗಣ್ಣಿನ ಉದ್ದ 23.5, ಬಲಗಣ್ಣು 22.7. ಒಂದೇ ಪವರಿನ ಎರಡು ಕಣ್ಣು ಉದ್ದದಲ್ಲಿ 0.8 ಮಿಲಿಮೀಟರ್ ಬೇರೆ ಹೇಗೆ ಆಗ್ತದೆ? ಇದನ್ನ ನೋಡಿದವರು ಅಲ್ಲೇ ನಿಲ್ಲಬೇಕಿತ್ತು."

ಅವತ್ತು ಅವಳು ಕಾಗದದ ಹಿಂದೆ ಚಿತ್ರ ಬರೆದು ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಪೊರೆ ಎಂದರೆ ಮೇಲೆ ಬೆಳೆದ ಪರದೆಯಲ್ಲ, ಕಣ್ಣಿನೊಳಗಿನ ಲೆನ್ಸೇ ಮಸುಕಾಗುವುದು. ಅದನ್ನು ತೆಗೆದು ಪ್ಲಾಸ್ಟಿಕ್ಕಿನ ಲೆನ್ಸು ಇಡುತ್ತಾರೆ. ಯಾವ ಪವರಿನದು ಎನ್ನುವುದೇ ಪ್ರಶ್ನೆ. ಅರ್ಧರ್ಧ ಡಯಾಪ್ಟರಿನ ಅಂತರದಲ್ಲಿ ಲೆನ್ಸುಗಳು ಡಬ್ಬಿಯಲ್ಲಿ ಸಾಲಾಗಿ ಸಿಗುತ್ತವೆ. ಆರಿಸಲು ಮುಖ್ಯವಾಗಿ ಎರಡು ಅಳತೆ ಬೇಕು. ಕಣ್ಣಿನ ಮುಂದಿನ ಗಾಜು, ಅಂದರೆ ಕಾರ್ನಿಯಾ, ಎಷ್ಟು ಉಬ್ಬಿದೆ ಎಂಬುದು ಒಂದು. ಅಲ್ಲಿಂದ ಹಿಂದಿನ ರೆಟಿನಾಕ್ಕೆ ಎಷ್ಟು ದೂರ ಎಂಬುದು ಇನ್ನೊಂದು. ಹೆಚ್ಚಿನವರಲ್ಲಿ ಈ ದೂರ 23-24 ಮಿಲಿಮೀಟರ್. 1980ರಲ್ಲಿ ಸ್ಯಾಂಡರ್ಸ್, ರೆಟ್ಜ್‌ಲಾಫ್, ಕ್ರಾಫ್ ಎಂಬ ಮೂವರು ವೈದ್ಯರು ಕೊಟ್ಟ ಸೂತ್ರ ಮಗ್ಗಿಯಷ್ಟು ಸರಳ: ಲೆನ್ಸಿಗೆ ಹೊಂದಿದ ಒಂದು ಸ್ಥಿರಾಂಕದಿಂದ ಕಣ್ಣಿನ ಉದ್ದದ ಎರಡೂವರೆ ಪಟ್ಟನ್ನೂ ಕಾರ್ನಿಯಾದ ಪವರಿನ 0.9 ಪಟ್ಟನ್ನೂ ಕಳೆದರೆ ಉಳಿದದ್ದು ಇಡಬೇಕಾದ ಲೆನ್ಸು. ಈಗ ಅದಕ್ಕಿಂತ ಜಾಣ ಸೂತ್ರಗಳು ಬಂದಿವೆ. ಆದರೂ ಉದ್ದದಲ್ಲಿ ಒಂದು ಮಿಲಿಮೀಟರ್ ತಪ್ಪಿದರೆ ಕೊನೆಗೆ ಸುಮಾರು ಎರಡೂವರೆ ಡಯಾಪ್ಟರಿನ ಕನ್ನಡಕ ಬೀಳುತ್ತದೆ ಎಂಬ ಅಂದಾಜು ಬದಲಾಗಿಲ್ಲ. ಕೂದಲಿನ ದಪ್ಪದಷ್ಟು, 0.1 ಮಿಲಿಮೀಟರ್, ತಪ್ಪಿದರೆ ಕಾಲು ಡಯಾಪ್ಟರ್. 0.8 ತಪ್ಪಿದರೆ ಅಪ್ಪ.

ಹೇಗೆ ತಪ್ಪುತ್ತದೆ? ಇದಕ್ಕೆ ಉತ್ತರವನ್ನು ಅಪ್ಪನೇ ಕೊಟ್ಟರು. ಅಳೆದ ದಿನ ಏನಾಯಿತು ಎಂದು ಅವಳು ಕೇಳಿದಾಗ, "ಒಂದು ಹನಿ ಬಿಟ್ಟರು. ಪೆನ್ನಿನಂಥದ್ದು ತಂದು ಕಣ್ಣಿಗೆ ಒತ್ತಿದರು. ಮೆಷಿನ್ ಕುಂಯ್ ಅಂತು. ಆಯ್ತು ಎದ್ದೇಳಿ ಅಂದರು" ಎಂದರು. ಒತ್ತಿದರು ಎಂಬ ಪದ ಕೇಳಿ ಅವಳು ನನ್ನ ಮುಖ ನೋಡಿದಳು. ಎ-ಸ್ಕ್ಯಾನ್ ಎಂಬ ಆ ಯಂತ್ರ ಶಬ್ದದ ಅಲೆ ಕಳಿಸಿ, ಪ್ರತಿಧ್ವನಿ ಬರಲು ಹಿಡಿದ ಹೊತ್ತಿನಿಂದ ದೂರ ಲೆಕ್ಕ ಹಾಕುತ್ತದೆ. ಭಾವಿಗೆ ಕಲ್ಲು ಹಾಕಿ ಆಳ ಅಂದಾಜು ಮಾಡಿದ ಹಾಗೆ. ಅದರ ಕಡ್ಡಿ ಕಾರ್ನಿಯಾವನ್ನು ಬರೀ ಸೋಕಬೇಕು. ಕಾರ್ನಿಯಾ ಮೆತ್ತಗಿರುವುದರಿಂದ ಒತ್ತಿದರೆ ತಗ್ಗುತ್ತದೆ, ಕಣ್ಣು ಇರುವುದಕ್ಕಿಂತ ಗಿಡ್ಡ ಎಂದು ಯಂತ್ರ ತಿಳಿಯುತ್ತದೆ, ಗಿಡ್ಡ ಕಣ್ಣಿಗೆ ಜಾಸ್ತಿ ಪವರಿನ ಲೆನ್ಸು ಬೇಕು ಎಂದು ಸೂತ್ರ ಹೇಳುತ್ತದೆ, ಡಾಕ್ಟರು ಹೇಳಿದ ಲೆನ್ಸನ್ನು ಚೆಂದವಾಗಿ ಕೂರಿಸುತ್ತಾರೆ, ದೂರದ್ದೆಲ್ಲ ಮಂಜಾಗುತ್ತದೆ. ಯಂತ್ರ ಕೆಟ್ಟಿರಲಿಲ್ಲ, ಸೂತ್ರ ಕೆಟ್ಟಿರಲಿಲ್ಲ, ಡಾಕ್ಟರ ಕೈಯೂ ಕೆಟ್ಟಿರಲಿಲ್ಲ.

"ಟೇಪಿನೊಳಗೆ ಬೆರಳು ಇಟ್ಟುಕೊಳ್ಳಲಿಲ್ಲ ಅನ್ನು" ಎಂದರು ಅಪ್ಪ. ಮೂರು ವರ್ಷದಲ್ಲಿ ಮೊದಲ ಸಲ ಆ ಕಣ್ಣಿನ ಬಗ್ಗೆ ಅವರು ಸಿಟ್ಟಿಲ್ಲದೆ ಮಾತಾಡಿದ್ದು ಅದು. ಆದದ್ದೇನು ಎಂದು ತಿಳಿದದ್ದೇ ಅರ್ಧ ಸಮಾಧಾನ. ಅದೂ ತಮ್ಮ ಕಸುಬಿನ ಭಾಷೆಯಲ್ಲಿ ತಿಳಿದದ್ದು.

ನಮ್ಮ ಅಜ್ಜಿಯ ಕಾಲಕ್ಕೆ ಈ ತಾಪತ್ರಯವೇ ಇರಲಿಲ್ಲ. ಬೀಳಗಿಯಲ್ಲಿ 1916ರಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿಯವರು ಊರೂರು ತಿರುಗಿ ನಡೆಸಿದ ಸಾಮೂಹಿಕ ಶಿಬಿರಗಳ ಕಥೆ ನಮ್ಮ ಕಡೆಯ ಪ್ರತಿ ಮನೆಯಲ್ಲೂ ಒಂದಾದರೂ ಇರುತ್ತದೆ. ಅಂಥದೊಂದು ಶಿಬಿರದಲ್ಲಿ ಅಜ್ಜಿಗೂ ಕಣ್ಣು ಬಂತು. ಆಗ ಪೊರೆಗಟ್ಟಿದ ಲೆನ್ಸು ತೆಗೆಯುತ್ತಿದ್ದರು, ಬದಲಿಗೆ ಏನನ್ನೂ ಇಡುತ್ತಿರಲಿಲ್ಲ. ಹೊರಗಿನಿಂದ ಪ್ಲಸ್ 10ರ ಆಸುಪಾಸಿನ ಸೋಡಾಬುಡ್ಡಿ ಕನ್ನಡಕ. ಎಲ್ಲವೂ ಕಾಲುಪಾಲು ದೊಡ್ಡದಾಗಿ, ಹತ್ತಿರ ಬಂದಂತೆ ಕಾಣುತ್ತಿತ್ತು. ಅಜ್ಜಿ ಲೋಟ ಹಿಡಿಯಲು ಹೋಗಿ ಗಾಳಿ ಹಿಡಿಯುತ್ತಿದ್ದಳು. ಆದರೆ ಕುರುಡು ಹೋಗಿ ಲೋಟ ಕಾಣಿಸಿತಲ್ಲ, ಅದರ ಮುಂದೆ ಇದೆಲ್ಲ ಯಾವ ಲೆಕ್ಕ? ಅವಳು ಸಾಯುವತನಕ ಆ ಡಾಕ್ಟರಿಗೆ ಕೈ ಮುಗಿಯುತ್ತಿದ್ದಳು. ಮೋದಿಯವರಿಗೆ 1968ರಲ್ಲಿ ಪದ್ಮಭೂಷಣ ಬಂತು. ಅವಳ ಮಟ್ಟಿಗೆ ಅದು ಕಡಿಮೆಯೇ.

ಕಣ್ಣಿನೊಳಗೆ ಲೆನ್ಸು ಇಡುವ ಕಾಲ ಬಂದಮೇಲೆ ಅಳತೆಯ ಕಾಲವೂ ಬಂತು. ಇದರ ಆರಂಭವೇ ಒಂದು ತಪ್ಪಿದ ಅಳತೆ ಎನ್ನುವುದು ನನಗೆ ಬಹಳ ಹಿಡಿಸಿದ ಸಂಗತಿ. ಎರಡನೇ ಮಹಾಯುದ್ಧದಲ್ಲಿ ವಿಮಾನದ ಮುಚ್ಚಳದ ಪ್ಲಾಸ್ಟಿಕ್ ಚೂರುಗಳು ಪೈಲಟ್ಟುಗಳ ಕಣ್ಣಿಗೆ ಹೊಕ್ಕರೂ ಕಣ್ಣು ಅವನ್ನು ಸಹಿಸಿಕೊಂಡದ್ದನ್ನು ಹೆರಾಲ್ಡ್ ರಿಡ್ಲಿ ಎಂಬ ಇಂಗ್ಲಿಷ್ ವೈದ್ಯರು ಗಮನಿಸಿದ್ದರು. 1949ರ ನವೆಂಬರ್ 29ರಂದು ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅಂಥದೇ ಪ್ಲಾಸ್ಟಿಕ್ಕಿನ ಲೆನ್ಸನ್ನು ಒಬ್ಬ ಹೆಂಗಸಿನ ಕಣ್ಣಿನೊಳಗೆ ಇಟ್ಟರು. ಆಪರೇಷನ್ ಗೆದ್ದಿತು. ಆದರೆ ಸಹಜ ಲೆನ್ಸಿನ ಆಕಾರವನ್ನು ಹೆಚ್ಚುಕಡಿಮೆ ಅನುಸರಿಸಿ ಮಾಡಿದ ಆ ಪ್ಲಾಸ್ಟಿಕ್ಕು ಬೆಳಕನ್ನು ವಿಪರೀತ ಬಾಗಿಸಿ, ಆಕೆಗೆ ಮೈನಸ್ 18ರ ಆಸುಪಾಸಿನ ಪವರ್ ಬಂತು. ಇದನ್ನು ಅಪ್ಪನಿಗೆ ಹೇಳಿದೆ. "ಹಾಗಾದ್ರೆ ನಂದು ಪರವಾಗಿಲ್ಲ ಮಾರಾಯ" ಎಂದು ನಕ್ಕರು.

ಆಮೇಲಿನ ದಶಕಗಳಲ್ಲಿ ಲೆನ್ಸು ಶ್ರೀಮಂತರ ವಸ್ತುವಾಗಿತ್ತು. ಮದುರೈಯಲ್ಲಿ ಡಾ. ಜಿ. ವೆಂಕಟಸ್ವಾಮಿಯವರು 1976ರಲ್ಲಿ 11 ಹಾಸಿಗೆಯಿಂದ ಶುರುಮಾಡಿದ ಅರವಿಂದ್ ಕಣ್ಣಿನ ಆಸ್ಪತ್ರೆಯವರೇ 1992ರಲ್ಲಿ ಆರೋಲ್ಯಾಬ್ ಕಟ್ಟಿ ಲೆನ್ಸು ತಯಾರಿಸತೊಡಗಿದ ಮೇಲೆ ಬೆಲೆ ಬಿದ್ದುಹೋಯಿತು. ಹಳ್ಳಿಯ ಬಡವರ ಕಣ್ಣಿಗೂ ಲೆನ್ಸು ಬಂತು. ಎಲ್ಲರೂ ಹೇಳುವ ಕಥೆ ಇದು. ಕಡಿಮೆ ಹೇಳುವ ಕಥೆ ಇನ್ನೊಂದಿದೆ. ಅದೇ ಆಸ್ಪತ್ರೆ ಹಳ್ಳಿಯ ಹೆಣ್ಣುಮಕ್ಕಳನ್ನು ಆರಿಸಿ ಎರಡು ವರ್ಷ ತರಬೇತಿ ಕೊಟ್ಟು ಕಣ್ಣು ಪರೀಕ್ಷೆ, ಅಳತೆ, ಆಪರೇಷನ್ ಕೋಣೆಯ ನೆರವು, ಎಲ್ಲವನ್ನೂ ಅವರ ಕೈಗೆ ಕೊಟ್ಟಿತು. ಡಾಕ್ಟರು ಡಾಕ್ಟರೇ ಮಾಡಬೇಕಾದ್ದನ್ನು ಮಾತ್ರ ಮಾಡಿದರು. ಅಗ್ಗದ ಲೆನ್ಸಿನ ಬಗ್ಗೆ ಪುಸ್ತಕಗಳು ಬಂದಿವೆ. ಈ ಹುಡುಗಿಯರ ಕೈಯ ಬಗ್ಗೆ ಅಷ್ಟು ಬಂದಿಲ್ಲ. ಅಳತೆಯೇ ಇಲ್ಲದ ಕಡೆ ಎಲ್ಲರಿಗೂ ಒಂದೇ ಸರಾಸರಿ ಪವರಿನ ಲೆನ್ಸು ಇಟ್ಟು ಕಳಿಸುವ ರೂಢಿಯೂ ಇತ್ತು. ಶಾಲೆಯ ಯೂನಿಫಾರಂ ಹಾಗೆ. ಕೆಲವರಿಗೆ ಸರಿಹೋಗುತ್ತದೆ, ಕೆಲವರು ತೋಳು ಮಡಚಿಕೊಳ್ಳುತ್ತಾರೆ.

ಅಳತೆಯಲ್ಲಿ ಎಷ್ಟು ಸಿಕ್ಕಿಕೊಂಡಿದೆ ಎಂಬುದನ್ನು ಡೆನ್ಮಾರ್ಕಿನ ಥಾಮಸ್ ಓಲ್ಸೆನ್ 1992ರಲ್ಲಿ ಲೆಕ್ಕ ಹಾಕಿದ್ದರು. ಆಪರೇಷನ್ ನಂತರ ಉಳಿಯುವ ಪವರಿನ ದೋಷದಲ್ಲಿ ಶೇ. 54ರಷ್ಟು ಕಣ್ಣಿನ ಉದ್ದ ಅಳೆಯುವಲ್ಲಿನ ತಪ್ಪಿನದು, ಶೇ. 38ರಷ್ಟು ಲೆನ್ಸು ಒಳಗೆ ಎಲ್ಲಿ ಕೂರುತ್ತದೆ ಎಂಬ ಊಹೆಯದು, ಶೇ. 8ರಷ್ಟು ಕಾರ್ನಿಯಾದ ಅಳತೆಯದು. ಅದು ಶಬ್ದದಿಂದ ಅಳೆಯುತ್ತಿದ್ದ ಕಾಲ. 1999ರಲ್ಲಿ ಬೆಳಕಿನಿಂದ ಅಳೆಯುವ ಯಂತ್ರ ಬಂತು. ಕಣ್ಣು ಮುಟ್ಟುವುದೇ ಬೇಡ, ಗಲ್ಲ ಇಟ್ಟು ದೀಪ ನೋಡಿದರೆ ಆಯಿತು, ಒತ್ತುವ ಪ್ರಶ್ನೆಯೇ ಇಲ್ಲ. ಹಾಗಾದರೆ ಕೈಯ ಕಥೆ ಮುಗಿಯಿತಲ್ಲ ಎಂದು ನಾನೂ ಅಂದುಕೊಂಡೆ. ಅತ್ತೆಮಗಳು ನಕ್ಕಳು. ಪೊರೆ ತೀರಾ ಬಲಿತು ಬೆಳ್ಳಗಾದರೆ ಬೆಳಕು ಒಳಗೇ ಹೋಗುವುದಿಲ್ಲ, ಯಂತ್ರ ಕೈಚೆಲ್ಲುತ್ತದೆ. ನಮ್ಮ ಜನ "ಪೊರೆ ಹಣ್ಣಾಗಲಿ" ಎಂದು ಕಾಯುವವರು. 2015-19ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಐವತ್ತು ದಾಟಿದವರ ಕುರುಡಿಗೆ ಕಾರಣಗಳಲ್ಲಿ ಪೊರೆಯ ಪಾಲು ಶೇ. 66.2. ಕಾದು ಕಾದು ಕುರುಡಾದ ಮೇಲೆ ಬಂದವರ ಕಣ್ಣನ್ನು ಮತ್ತೆ ಶಬ್ದದಿಂದಲೇ, ಕೈಯಿಂದಲೇ ಅಳೆಯಬೇಕು. ಯಾರಿಗೆ ಲೆನ್ಸು ಹೆಚ್ಚು ಬೇಕೋ ಅವರ ಅಳತೆಯೇ ಹೆಚ್ಚು ಕಷ್ಟ.

ಅಪ್ಪ ಆ ಗುಂಪಿಗೆ ಸೇರಿಬಿಟ್ಟಿದ್ದರು. 2022ರಲ್ಲಿ ಕೊನೆಗೂ ಒಪ್ಪಿ ಇನ್ನೊಂದು ಆಸ್ಪತ್ರೆಗೆ ಹೋದಾಗ ಎಡಗಣ್ಣಿನ ಪೊರೆ ಬಲಿತು, ಬೆಳಕಿನ ಯಂತ್ರ ಏನೂ ಹೇಳಲಿಲ್ಲ. ಬಲಗಣ್ಣನ್ನು ಮಾತ್ರ ಅಳೆದು ಕೊಟ್ಟಿತು: 23.5. ಹಳೆಯ ಕಾರ್ಡಿನ 22.7 ಅನ್ನು ಅದರ ಪಕ್ಕ ಇಟ್ಟು ನೋಡಿದಾಗ ಮೂರು ವರ್ಷದ ಮಂಜಿಗೆ ಒಂದು ಅಂಕಿ ಸಿಕ್ಕಿತು.

ಎಡಗಣ್ಣು ಅಳೆದವಳು ಇಪ್ಪತ್ತೈದರ ಹುಡುಗಿ. ನಾನು ಪಕ್ಕದಲ್ಲೇ ಕೂತಿದ್ದೆ. ಮೊದಲು ಅವಳು ಕಾರ್ನಿಯಾದ ಉಬ್ಬು ಅಳೆದಳು, ಅದೂ ಕಣ್ಣಿಗೆ ಯಾವ ಹನಿಯನ್ನೂ ಬಿಡುವ ಮುಂಚೆ, ಯಾವುದನ್ನೂ ಮುಟ್ಟಿಸುವ ಮುಂಚೆ. ಆಮೇಲೆ ಮಾಡಿದರೆ ಮೇಲ್ಮೈ ಕದಡಿ ಅಂಕಿ ಏರುಪೇರಾಗುತ್ತದಂತೆ. ನಂತರ ಮಲಗಿಸಿ, ರೆಪ್ಪೆಗಳ ನಡುವೆ ಒಂದು ಸಣ್ಣ ಬಟ್ಟಲಿನಂಥದ್ದು ಕೂರಿಸಿ, ಅದರೊಳಗೆ ದ್ರವ ತುಂಬಿಸಿ, ಕಡ್ಡಿಯನ್ನು ಆ ದ್ರವದಲ್ಲಿ ಮುಳುಗಿಸಿದಳು. ಕಾರ್ನಿಯಾಕ್ಕೆ ಕಡ್ಡಿ ತಾಗಲೇ ಇಲ್ಲ. ಪರದೆಯ ಮೇಲೆ ಅಲೆಯ ಶಿಖರಗಳು ಎದ್ದವು. ಅವಳು ಅಂಕಿ ನೋಡುತ್ತಿರಲಿಲ್ಲ, ಶಿಖರ ನೋಡುತ್ತಿದ್ದಳು. ರೆಟಿನಾದ ಶಿಖರ ಗೋಡೆಯ ಹಾಗೆ ನೆಟ್ಟಗೆ ಏಳಬೇಕು. ಓರೆಯಾಗಿ ಮೆಟ್ಟಿಲು ಹತ್ತಿದ ಹಾಗೆ ಎದ್ದರೆ ಕಡ್ಡಿ ಓರೆಯಾಗಿದೆ ಎಂದರ್ಥ, ಆ ಅಂಕಿ ಬಿಸಾಕಬೇಕು. ಎರಡು ಬಿಸಾಕಿದಳು. ಅಪ್ಪನ ಕೈ ಮಂಚದ ಅಂಚನ್ನು ಬಿಗಿಯಾಗಿ ಹಿಡಿದಿತ್ತು. ಅದನ್ನು ಕಂಡು ನಿಲ್ಲಿಸಿ, "ಅಜ್ಜ, ನೀವು ಏನು ಕೆಲಸ ಮಾಡ್ತಿದ್ರಿ?" ಎಂದು ಕೇಳಿದಳು.

ಅಪ್ಪ ಹೇಳಿದರು. ಕಟಿಂಗ್ ಟೇಬಲ್ ಎಷ್ಟು ದೂರ, ಸೂಜಿ ಎಷ್ಟು ದೂರ, ಅಂಗಡಿ ಬಾಗಿಲು ಎಷ್ಟು ದೂರ ಎಂದೆಲ್ಲ ಕೇಳಿದಳು. ಅಪ್ಪ ಅಡಿ ಇಂಚುಗಳಲ್ಲಿ ಹೇಳುತ್ತಾ ಹೋದರು, ಕೈ ಮಂಚ ಬಿಟ್ಟಿತು. ಆಗ ಅವಳು ಮತ್ತೆ ಕಡ್ಡಿ ಇಳಿಸಿದಳು. ಗಿರಾಕಿಯ ಹೊಟ್ಟೆ ಜಾಗಕ್ಕೆ ಬರಲು ಕಾಯುವ ವಿದ್ಯೆ ಇವಳಿಗೂ ಗೊತ್ತಲ್ಲ ಎಂದುಕೊಂಡೆ. ಆದರೆ ಅದು ಬರೀ ಉಪಾಯವಾಗಿರಲಿಲ್ಲ. ಆ ಉತ್ತರವನ್ನು ಅವಳು ಕಾರ್ಡಿನಲ್ಲಿ ಬರೆದಳು. ಡಾಕ್ಟರು ಅದನ್ನು ಓದಿ, ಬಲಗಣ್ಣು ಹೇಗೂ ಹತ್ತಿರಕ್ಕೆ ನಿಂತುಬಿಟ್ಟಿದೆ, ಸೂಜಿಗೆ ಅದೇ ಇರಲಿ, ಎಡಗಣ್ಣನ್ನು ಬೀದಿಗೆ ಇಡೋಣವೇ ಎಂದು ಅಪ್ಪನನ್ನೇ ಕೇಳಿದರು. ಎರಡು ಕಣ್ಣಿನ ನಡುವೆ ಅಷ್ಟು ಅಂತರ ಎಲ್ಲರಿಗೂ ಒಗ್ಗುವುದಿಲ್ಲ, ಕೆಲವರಿಗೆ ತಲೆ ಸುತ್ತುತ್ತದೆ ಎಂದೂ ಹೇಳಿದರು. ಅಪ್ಪ ಒಂದು ರಾತ್ರಿ ಯೋಚಿಸಿ ಹೂಂ ಅಂದರು. ಮೊದಲ ಸಲ ಯಾರೂ ಕೇಳಿರಲಿಲ್ಲ. ದಿನವಿಡೀ ಒಂದಡಿ ದೂರದಲ್ಲಿ ಕೆಲಸ ಮಾಡುವ ಟೈಲರಿಗೆ, ಅಕ್ಕಸಾಲಿಗೆ, ಹೂ ಕಟ್ಟುವವಳಿಗೆ, ಲಾರಿ ಓಡಿಸುವವನಿಗೆ ಬೇಕಾದ ಕಣ್ಣು ಒಂದೇ ಅಲ್ಲ ಎನ್ನುವುದು ಯಾವ ಯಂತ್ರದ ಪರದೆಯಲ್ಲೂ ಬರುವುದಿಲ್ಲ.

ಎಡಗಣ್ಣು ಮೈನಸ್ ಕಾಲಿಗೆ ನಿಂತಿತು. ಒಂದು ತಿಂಗಳು ಮೆಟ್ಟಿಲು ಇಳಿಯುವಾಗ ತಡವರಿಸಿದರು, ಆಮೇಲೆ ಒಗ್ಗಿತು. ಪಾತ್ರೆ ಅಂಗಡಿಯವರಿಗೆ ರಸ್ತೆಯಾಚೆಯಿಂದ ಕೈ ಎತ್ತಿದರು. ಅವರು ಆ ಹೊತ್ತಿಗೆ ಅಂಗಡಿಯನ್ನು ಮಗನಿಗೆ ಬಿಟ್ಟಿದ್ದರು. ಯಾರಪ್ಪ ಈ ಮುದುಕ ಎಂಬಂತೆ ಆ ಹುಡುಗ ನೋಡಿದ.

ಅಳೆದ ಹುಡುಗಿ ಜಾಣೆ, ಅಳೆದ ಹುಡುಗ ದಡ್ಡ ಎಂದು ಇದನ್ನು ಓದಿಕೊಳ್ಳಬೇಡಿ. ಆ ಹುಡುಗನನ್ನು ನಾನು ನೋಡಿಲ್ಲ. ಬೆಳಗಿನಿಂದ ಎಷ್ಟು ಕಣ್ಣು ಅಳೆದಿದ್ದನೋ, ಯಾರು ಎಷ್ಟು ದಿನ ಹೇಳಿಕೊಟ್ಟಿದ್ದರೋ. ಯಂತ್ರ ಕೊಳ್ಳುವಾಗ ಕಂಪನಿಯವರು ಅರ್ಧ ದಿನ ಬಂದು ಬಟನ್ ತೋರಿಸಿ ಹೋಗುವುದೇ ತರಬೇತಿ ಎಂದುಕೊಂಡಿರುವ ಕಡೆಗಳು ಬೇಕಾದಷ್ಟಿವೆ ಎಂದು ಅತ್ತೆಮಗಳು ಹೇಳುತ್ತಾಳೆ. ಅವಳ ಕಲಿಕೆ ಹಾಗಿರಲಿಲ್ಲ. ಮೊದಲಿಗೆ ಮಾದರಿ ಕಣ್ಣು, ಆಮೇಲೆ ಜೊತೆಯವರ ಕಣ್ಣು, ಆಮೇಲೆ ರೋಗಿಗಳದು. ಅವಳು ಅಳೆದದ್ದನ್ನು ಹಿರಿಯಳೊಬ್ಬಳು ನೋಡದೆ ಮತ್ತೆ ಅಳೆಯುತ್ತಿದ್ದಳು. ಇಬ್ಬರ ಅಂಕಿಯನ್ನೂ ಸಂಜೆ ಹೋಲಿಸುತ್ತಿದ್ದರು. ಎರಡು ಕಣ್ಣಿನ ಉದ್ದದಲ್ಲಿ 0.3 ಮಿಲಿಮೀಟರಿಗಿಂತ ಹೆಚ್ಚು ಅಂತರ ಬಂದರೆ ಮತ್ತೆ ಅಳೆ, ಮತ್ತೆಯೂ ಬಂದರೆ ಇನ್ನೊಬ್ಬರಿಂದ ಅಳೆಸು, ಆಮೇಲೂ ಬಂದರೆ ಡಾಕ್ಟರಿಗೆ ಹೇಳು. ಇದು ಅವರ ಗೋಡೆಯ ಮೇಲೆ ಕನ್ನಡದಲ್ಲಿ ಬರೆದು ಅಂಟಿಸಿತ್ತಂತೆ. ಅಪ್ಪನ ಕಾರ್ಡು ಆ ಗೋಡೆಯ ಎದುರಿಗೆ ಬಂದಿದ್ದರೆ ಐದು ನಿಮಿಷದಲ್ಲಿ ಸಿಕ್ಕಿಬೀಳುತ್ತಿತ್ತು.

ಅವಳ ಮಾತಿನಲ್ಲಿ ನನಗೆ ಎಲ್ಲಕ್ಕಿಂತ ನಾಟಿದ್ದು ಇನ್ನೊಂದು. ಕೆಟ್ಟ ಟೈಲರು ಹೇಗೆ ಒಳ್ಳೆಯ ಟೈಲರಾಗುತ್ತಾನೆ? ಬಿಗಿಯಾದ ಅಂಗಿ ಹಾಕಿಕೊಂಡು ಗಿರಾಕಿ ವಾಪಸು ಬಂದು ಎದುರಿಗೆ ನಿಂತು ಬೈಯುತ್ತಾನೆ. ಕಣ್ಣು ಅಳೆದವಳ ಎದುರಿಗೆ ಯಾರು ವಾಪಸು ಬರುತ್ತಾರೆ? ಶಿಬಿರದ ಬಸ್ಸಿನಲ್ಲಿ ಬಂದವರು ಬಸ್ಸಿನಲ್ಲಿ ಹೋಗುತ್ತಾರೆ. ತಿಂಗಳ ನಂತರ ಬಾ ಎಂದರೆ ಅಡಿಕೆ ಕೊಯ್ಲು, ಮಳೆ, ಬಸ್ಸಿಗೆ ಕಾಸು. ಬಂದರೂ ಡಾಕ್ಟರನ್ನು ನೋಡುತ್ತಾರೆ, ಬೇರೆ ಕೋಣೆಯಲ್ಲಿ ಕನ್ನಡಕದ ನಂಬರು ಬರೆಸಿಕೊಳ್ಳುತ್ತಾರೆ. ತಾನು ಅಳೆದ ಕಣ್ಣು ಎಲ್ಲಿ ಹೋಗಿ ನಿಂತಿತು ಎಂಬುದು ಅಳೆದವಳಿಗೆ ಎಂದೂ ತಿಳಿಯುವುದಿಲ್ಲ. ಹತ್ತು ವರ್ಷ ಸ್ವಲ್ಪ ಒತ್ತಿಯೇ ಅಳೆದವಳು ಹತ್ತು ವರ್ಷವೂ ತಾನು ಸರಿ ಎಂದೇ ತಿಳಿದಿರುತ್ತಾಳೆ, ಅನುಭವಿ ಎಂಬ ಹೆಸರು ಬೇರೆ. ಬ್ರಿಟನ್ನಿನಲ್ಲಿ 2009ರಲ್ಲಿ ಒಂದು ಗುರಿ ಸೂಚಿಸಿದರು: ನೂರಕ್ಕೆ 85 ಕಣ್ಣುಗಳಾದರೂ ಎಣಿಸಿದ ಪವರಿನ ಒಂದು ಡಯಾಪ್ಟರಿನ ಒಳಗೆ, 55 ಕಣ್ಣುಗಳಾದರೂ ಅರ್ಧ ಡಯಾಪ್ಟರಿನ ಒಳಗೆ ಬರಬೇಕು. ಆ ಗುರಿ ಮುಟ್ಟಿದೆಯೋ ಇಲ್ಲವೋ ಎಂದು ತಿಳಿಯಬೇಕಾದರೂ ತಿಂಗಳ ನಂತರದ ಅಂಕಿಯನ್ನು ಯಾರಾದರೂ ಬರೆದಿಟ್ಟಿರಬೇಕಲ್ಲ.

ನಮ್ಮ ಜಿಲ್ಲೆಯಲ್ಲಿ ಮೆಗ್ಗಾನ್ ಆಸ್ಪತ್ರೆ ಇದೆ, ತೀರ್ಥಹಳ್ಳಿ ರಸ್ತೆಯಲ್ಲಿ ಹರಕೆರೆಯ ಶಂಕರ ಕಣ್ಣಿನ ಆಸ್ಪತ್ರೆ ಇದೆ, ಸಣ್ಣಪುಟ್ಟ ಕ್ಲಿನಿಕ್ಕುಗಳಿವೆ. ಮಲೆನಾಡಿನ ಮೂಲೆಯ ಮುದುಕರೂ ಇವತ್ತು ಪೊರೆ ತೆಗೆಸಿಕೊಳ್ಳುತ್ತಾರೆ. ಹೊಸ ಯಂತ್ರ ಬಂದಾಗ ಉದ್ಘಾಟನೆಗೆ ರಿಬ್ಬನ್ನು ಕಟ್ಟುವುದನ್ನು ನೋಡಿದ್ದೇನೆ. ಅದರ ಮುಂದೆ ಕೂರುವ ಹುಡುಗಿಯನ್ನು ಯಾರೂ ಉದ್ಘಾಟಿಸುವುದಿಲ್ಲ, ಬೋರ್ಡಿನ ಮೇಲೆ ಅವಳ ಹೆಸರೂ ಇರುವುದಿಲ್ಲ. ಚೆನ್ನಾಗಿ ಕಲಿತ ಮೇಲೆ ಎರಡು ಸಾವಿರ ಹೆಚ್ಚು ಸಂಬಳಕ್ಕೆ ಬೆಂಗಳೂರಿನ ಕನ್ನಡಕದ ಶೋರೂಮಿಗೆ ಹೋಗಿಬಿಡುತ್ತಾಳೆ. ಅವಳನ್ನು ದೂರುವಂತಿಲ್ಲ. ಅಪ್ಪನ ಅಂಗಡಿಯ ಕಾರಿಗರೂ ಹಾಗೇ ಗಾರ್ಮೆಂಟ್ಸಿಗೆ ಹೋದರು.

ಅತ್ತೆಮಗಳು ಹೋಗಿಲ್ಲ. ಅವಳ ಹತ್ತಿರ ಒಂದು ಉದ್ದದ ರಿಜಿಸ್ಟರ್ ಇದೆ, ಅಪ್ಪನ ಅಳತೆ ಪುಸ್ತಕದಂಥದ್ದೇ. ಎಡಗಡೆ ತಾನು ಅಳೆದದ್ದು ಮತ್ತು ಸೂತ್ರ ಹೇಳಿದ್ದು, ಬಲಗಡೆ ತಿಂಗಳ ನಂತರ ಕಣ್ಣು ನಿಂತ ಜಾಗ. ಬಾರದವರಿಗೆ ಫೋನು ಮಾಡುತ್ತಾಳೆ. ಈಗ ಇಬ್ಬರು ಹೊಸ ಹುಡುಗಿಯರಿಗೆ ಕಲಿಸುತ್ತಿದ್ದಾಳೆ. ಕಲಿಕೆಗೆ ಕಣ್ಣು ಬೇಕಲ್ಲ, ಅಪ್ಪ ತಿಂಗಳಿಗೊಮ್ಮೆ ಬಸ್ಸು ಹತ್ತಿ ಭದ್ರಾವತಿಗೆ ಹೋಗಿ ಬೆಳಕಿನ ಯಂತ್ರದ ಮುಂದೆ ಗಲ್ಲ ಇಟ್ಟು ಕೂರುತ್ತಾರೆ. ಇದಕ್ಕೆ ಅವರು ಇಟ್ಟ ಹೆಸರು "ಅಳತೆ ಕೊಡೋದು".

ಹೋದ ಸಲ ನಾನೂ ಜೊತೆಗಿದ್ದೆ. ಒಂದು ಹುಡುಗಿ ಅಪ್ಪನ ಬಲಗಣ್ಣನ್ನು ಅಳೆದು ಅಂಕಿ ಓದಿದಳು. ಒಳಗಿರುವುದು ಸಹಜ ಲೆನ್ಸಲ್ಲ, ಪ್ಲಾಸ್ಟಿಕ್ಕು ಎಂದು ಯಂತ್ರಕ್ಕೆ ಹೇಳಬೇಕಿತ್ತು, ಹೇಳಿರಲಿಲ್ಲ. ಅತ್ತೆಮಗಳು ಸುಮ್ಮನೆ ನಿಂತಿದ್ದಳು. ಅಪ್ಪ ಗಲ್ಲ ಎತ್ತಲೂ ಇಲ್ಲ. ಇಷ್ಟು ಸಲ ಕೂತು ಅವರಿಗೆ ತಮ್ಮ ಅಂಕಿ ಬಾಯಿಪಾಠ.

"ಇನ್ನೊಂದ್ಸಲ ಹಿಡಿ ಮಗಾ" ಅಂದರು. "ಅರ್ಜೆಂಟಿಲ್ಲ, ನಂಗೆ ಬಸ್ಸು ಐದಕ್ಕೆ."